ಯಾವ ಜಗಳಕ್ಕೆ ಯಾವ ಇಂಗ್ಲಿಷ್ ಪದ?

ಓದುಗರ ಪತ್ರ: ಆಫೀಸಿನ ಒಂದು ಮೇಲ್‌ನಲ್ಲಿ ‘ಎರಡು ವಿಭಾಗಗಳ ನಡುವೆ ಕಕಾಫನಿ ಇದೆ’ ಎಂದು ಇಂಗ್ಲಿಷಿನಲ್ಲಿ ಬರೆದಿದ್ದೆ. ಮೇಲಿನವರು ಆ ಪದದ ಕೆಳಗೆ ಗೆರೆ ಎಳೆದು ವಾಪಸ್ ಕಳಿಸಿದರು. ಯಾಕೆಂದು ಹೇಳಲಿಲ್ಲ. ಸಮಾನಾರ್ಥಕಗಳ ಪಟ್ಟಿಯಲ್ಲಿ ಡಿಸ್ಕಾರ್ಡ್, ಡಿಸೊನೆನ್ಸ್, ಫ್ರಿಕ್ಷನ್, ಸ್ಟ್ರೈಫ್, ಕಕಾಫನಿ ಎಲ್ಲವೂ ಒಟ್ಟಿಗೇ ಇವೆ. ಎಲ್ಲದಕ್ಕೂ ‘ಹೊಂದಾಣಿಕೆ ಇಲ್ಲದಿರುವುದು’ ಎಂದೇ ಅರ್ಥ ಕೊಟ್ಟಿದ್ದಾರೆ. ಹಾಗಿದ್ದ ಮೇಲೆ ಯಾವುದನ್ನು ಬಳಸಿದರೇನು?

ಸಂಪಾದಕರ ಉತ್ತರ: ನಿಮ್ಮನ್ನು ದಾರಿ ತಪ್ಪಿಸಿದ್ದು ಆ ಪಟ್ಟಿಯೇ. ಸಮಾನಾರ್ಥಕಗಳ ಪಟ್ಟಿ ಪದಗಳನ್ನು ಸಾಲಾಗಿ ನಿಲ್ಲಿಸುತ್ತದೆ, ಯಾವುದಕ್ಕೆ ಎಲ್ಲಿ ಕೆಲಸ ಎಂದು ಹೇಳುವುದಿಲ್ಲ. ಈ ಪದಗಳನ್ನು ಆರಿಸುವಾಗ ಒಂದು ಪ್ರಶ್ನೆ ಕೇಳಿಕೊಳ್ಳಿ: ಇಲ್ಲಿ ಕೆಟ್ಟಿರುವುದು ಏನು? ಮನಸ್ಸೋ, ಸದ್ದೋ, ಒಟ್ಟಿಗೆ ಮಾಡುವ ಕೆಲಸವೋ?

ಕಕಾಫನಿ ಕಿವಿಗೆ ಸಂಬಂಧಿಸಿದ ಪದ. ಗ್ರೀಕಿನಲ್ಲಿ ‘ಕಾಕೋಸ್’ ಅಂದರೆ ಕೆಟ್ಟದ್ದು, ‘ಫೋನೆ’ ಅಂದರೆ ದನಿ. ಹತ್ತಾರು ಗಾಡಿಗಳು ಒಟ್ಟಿಗೇ ಹಾರ್ನ್ ಹೊಡೆದರೆ ಅದು ಕಕಾಫನಿ. ಸಭೆಯಲ್ಲಿ ಎಲ್ಲರೂ ಒಮ್ಮೆಲೇ ಕೂಗಾಡಿದರೂ ಹೌದು. ಆದರೆ ನಿಮ್ಮ ಎರಡು ವಿಭಾಗಗಳು ಮುನಿಸಿಕೊಂಡು ಮಾತೇ ಬಿಟ್ಟಿದ್ದರೆ? ಅಲ್ಲಿ ಸದ್ದೇ ಇಲ್ಲವಲ್ಲ!

ನಿಮಗೆ ಬೇಕಿದ್ದ ಪದ ಫ್ರಿಕ್ಷನ್. ಇದರ ಹಿಂದಿರುವ ಲ್ಯಾಟಿನ್ ಕ್ರಿಯಾಪದಕ್ಕೆ ತಿಕ್ಕು, ಉಜ್ಜು ಎಂಬ ಅರ್ಥ. ನಾವು ‘ತಿಕ್ಕಾಟ’ ಅನ್ನುವುದೂ ಅದೇ ಚಿತ್ರದಿಂದ. ಒಂದೇ ಕೆಲಸದಲ್ಲಿ ಕೈ ಹಾಕಿದವರ ನಡುವೆ ದಿನದಿನ ಆಗುವ ಕಿರಿಕಿರಿಗೆ ಇದು ಸರಿಯಾದ ಪದ. ಫೈಲ್ ಯಾರು ಕಳಿಸಬೇಕು, ಸಹಿ ಯಾರದು, ತಡವಾದರೆ ಹೊಣೆ ಯಾರು, ಇಂಥ ವಿಷಯಗಳಿಗೆ. ಇನ್ನೊಂದು ಅನುಕೂಲವೂ ಇದೆ. ‘ದೇರ್ ಈಸ್ ಸಮ್ ಫ್ರಿಕ್ಷನ್’ ಎಂದರೆ ಯಾರ ಮೇಲೂ ತಪ್ಪು ಹೊರಿಸಿದಂತೆ ಆಗುವುದಿಲ್ಲ. ಆಫೀಸಿನ ಪತ್ರಕ್ಕೆ ಅದು ತುಂಬಾ ಮುಖ್ಯ, ಅಲ್ವಾ? ಈ ಅರ್ಥದಲ್ಲಿ ಬಳಸುವಾಗ ಹಿಂದೆ ‘ಎ’ ಹಾಕಬೇಡಿ, ‘ಫ್ರಿಕ್ಷನ್ಸ್’ ಅಂತಲೂ ಸುಮ್ನೆ ಬಹುವಚನ ಮಾಡಬೇಡಿ.

ಡಿಸ್ಕಾರ್ಡ್ ಇದಕ್ಕಿಂತ ಆಳದ್ದು. ಅದರೊಳಗೆ ಹೃದಯ ಎಂಬ ಅರ್ಥದ ಲ್ಯಾಟಿನ್ ಪದ ‘ಕೋರ್’ ಅಡಗಿದೆ. ಹೃದಯಗಳು ದೂರವಾದರೆ ಡಿಸ್ಕಾರ್ಡ್, ಕೂಡಿದರೆ ಕಾನ್‌ಕಾರ್ಡ್. ನಮ್ಮ ‘ವೈಮನಸ್ಯ’ದಲ್ಲಿ ಮನಸ್ಸು ಇರುವ ಹಾಗೆ. ಮನೆತನ, ಪಕ್ಷ, ಸಮುದಾಯ ಒಳಗೊಳಗೇ ಒಡೆಯುತ್ತಿರುವಾಗ ಈ ಪದ ಬರುತ್ತದೆ. ‘ಸೋ (sow, ಬೀಜ ಬಿತ್ತು) ಡಿಸ್ಕಾರ್ಡ್’ ಎಂಬ ಜೋಡಿಯನ್ನು ಪತ್ರಿಕೆಗಳಲ್ಲಿ ನೋಡಿರುತ್ತೀರಿ. ಅಕ್ಷರಶಃ ‘ಬಿತ್ತು’ ಎಂದು ಅನುವಾದಿಸಿದರೆ ಸಪ್ಪೆ. ಕನ್ನಡದಲ್ಲಿ ಅದು ‘ಹುಳಿ ಹಿಂಡುವುದು’.

ಈ ಪದಕ್ಕೊಂದು ದೇವತೆಯೂ ಇದ್ದಾಳೆ. ಗ್ರೀಕರಿಗೆ ಎರಿಸ್, ರೋಮನ್ನರಿಗೆ ಡಿಸ್ಕಾರ್ಡಿಯಾ. ಮದುವೆಗೆ ತನ್ನನ್ನು ಕರೆಯಲಿಲ್ಲ ಎಂದು ಎರಿಸ್ ‘ಅತಿ ಸುಂದರಿಗೆ’ ಎಂದು ಬರೆದ ಚಿನ್ನದ ಸೇಬನ್ನು ಅತಿಥಿಗಳ ನಡುವೆ ಎಸೆದಳಂತೆ. ಹೀರಾ, ಅಥೀನಾ, ಆಫ್ರೊಡೈಟಿ ಮೂವರೂ ಅದು ತಮಗೇ ಸೇರಬೇಕೆಂದರು. ಆ ಜಗಳವೇ ಬೆಳೆದು ಟ್ರಾಯ್ ಯುದ್ಧವಾಯಿತು ಎಂದು ಕಥೆ. ಜಗಳದ ಮೂಲವಾದ ವಸ್ತುವನ್ನು ಇಂಗ್ಲಿಷಿನಲ್ಲಿ ‘ಆ್ಯಪಲ್ ಆಫ್ ಡಿಸ್ಕಾರ್ಡ್’ ಅನ್ನುವುದು ಇದರಿಂದಲೇ. 2005ರಲ್ಲಿ ಪ್ಲೂಟೊ ಆಚೆ ಹೆಚ್ಚುಕಡಿಮೆ ಅಷ್ಟೇ ದೊಡ್ಡ ಇನ್ನೊಂದು ಕಾಯ ಸಿಕ್ಕಿತು. ಗ್ರಹ ಎಂದರೇನು ಎಂಬ ವಾದ ಖಗೋಳ ವಿಜ್ಞಾನಿಗಳ ನಡುವೆ ಜೋರಾಯಿತು. 2006ರಲ್ಲಿ ಪ್ಲೂಟೊ ಗ್ರಹಗಳ ಪಟ್ಟಿಯಿಂದಲೇ ಹೊರಬಿತ್ತು. ಇಷ್ಟೆಲ್ಲ ವಾದಕ್ಕೆ ಕಾರಣವಾದ ಆ ಕಾಯಕ್ಕೆ ಅದೇ ವರ್ಷ ಎರಿಸ್ ಎಂದೇ ಹೆಸರಿಟ್ಟರು. ಇದಕ್ಕಿಂತ ಒಪ್ಪುವ ಹೆಸರು ನನಗಂತೂ ತೋಚುವುದಿಲ್ಲ.

ಡಿಸೊನೆನ್ಸ್ ಮತ್ತೆ ಸದ್ದಿನ ಪದವೇ, ಆದರೆ ಕಕಾಫನಿಯಂಥ ಗದ್ದಲವಲ್ಲ. ಎರಡು ತಂತಿಗಳಲ್ಲಿ ಒಂದು ಸೆಕೆಂಡಿಗೆ 440 ಸಲ, ಇನ್ನೊಂದು 443 ಸಲ ಕಂಪಿಸಿದರೆ, ಒಟ್ಟಿಗೆ ಮೀಟಿದಾಗ ದನಿ ಸೆಕೆಂಡಿಗೆ 3 ಸಲ ಏರಿಳಿಯುತ್ತದೆ. ಅಂತರ ಇನ್ನೂ ಸ್ವಲ್ಪ ಜಾಸ್ತಿಯಾದರೆ ಆ ಏರಿಳಿತ ಎಣಿಸಲಾಗದಷ್ಟು ವೇಗವಾಗಿ, ಕಿವಿಗೆ ಒರಟಾಗಿ ಕೇಳುತ್ತದೆ. ಪಾಶ್ಚಾತ್ಯ ಸಂಗೀತಗಾರರು ಇಂಥ ಒರಟನ್ನು ಬೇಕೆಂದೇ ತರುತ್ತಾರೆ. ಕೇಳುಗರನ್ನು ತುಸು ಕಾಯಿಸಿ ನಂತರ ಇಂಪಾದ ಸ್ವರಕ್ಕೆ ಇಳಿಸುತ್ತಾರೆ. ಹಾಗಾಗಿ ಈ ಪದದಲ್ಲಿ ಬೈಗುಳ ಇಲ್ಲ.

ಮನಶ್ಶಾಸ್ತ್ರಕ್ಕೆ ಇದನ್ನು ತಂದವರು ಅಮೆರಿಕದ ಲಿಯಾನ್ ಫೆಸ್ಟಿಂಗರ್. 1957ರಲ್ಲಿ ಅವರು ‘ಕಾಗ್ನಿಟಿವ್ ಡಿಸೊನೆನ್ಸ್’ ಸಿದ್ಧಾಂತವನ್ನು ಮುಂದಿಟ್ಟರು. ಸಿಗರೇಟು ಕೆಟ್ಟದ್ದು ಎಂದು ಗೊತ್ತು, ಆದರೂ ಸೇದುತ್ತೇವೆ. ಆ ಇರುಸುಮುರುಸು ತಡೆಯಲಾರದೆ ಒಂದೋ ಸೇದುವುದನ್ನು ಬಿಡುತ್ತೇವೆ, ಇಲ್ಲ ‘ಅಷ್ಟೇನೂ ಹಾನಿ ಇಲ್ಲ’ ಎಂದು ನಮಗೆ ನಾವೇ ಹೇಳಿಕೊಳ್ಳುತ್ತೇವೆ. ಗಮನಿಸಿ, ಇಲ್ಲಿ ಇಬ್ಬರ ಜಗಳ ಇಲ್ಲ. ಒಬ್ಬರ ತಲೆಯೊಳಗೇ ಎರಡು ವಿಚಾರ ಕೂಡುತ್ತಿಲ್ಲ. ಅಣ್ಣತಮ್ಮಂದಿರು ಮಾತು ಬಿಟ್ಟಿದ್ದಕ್ಕೆ ಡಿಸೊನೆನ್ಸ್ ಅನ್ನುವುದು ಸರಿಹೋಗುವುದಿಲ್ಲ.

ಉಳಿದವು ಅಷ್ಟು ಕಷ್ಟವಿಲ್ಲ. ಸ್ಟ್ರೈಫ್ ಬಹುಕಾಲ ಎಳೆದ, ಬಡಿದಾಟದವರೆಗೂ ಹೋಗಬಲ್ಲ ಕಲಹ. ರಿಫ್ಟ್ ಅಂದರೆ ಬಿರುಕು, ಮುಚ್ಚಬಹುದು. ಸ್ಕಿಸಮ್ ಪೂರ್ತಿ ಇಬ್ಭಾಗ, ಹೆಚ್ಚಾಗಿ ಧರ್ಮ ಮತ್ತು ಸಿದ್ಧಾಂತದ ವಿಷಯದಲ್ಲಿ. ರೋಮ್ ಮತ್ತು ಕಾನ್‌ಸ್ಟಾಂಟಿನೋಪಲ್ ಚರ್ಚುಗಳು ಬೇರೆಯಾದದ್ದಕ್ಕೆ, ಅದಕ್ಕೆ ಗುರುತಾಗಿ ಹೇಳುವ ವರ್ಷ 1054, ಬಳಸುವುದು ಈ ಪದವನ್ನೇ.

ಇನ್ನೊಂದು ಮಾತು. ಇವುಗಳಲ್ಲಿ ಹೆಚ್ಚಿನವು ಬರಹದ ಪದಗಳು. ಇಂಗ್ಲಿಷ್ ಮಾತಾಡುವವರು ಊಟದ ಮೇಜಿನಲ್ಲಿ ಕೂತು ‘ನನಗೂ ತಮ್ಮನಿಗೂ ಡಿಸ್ಕಾರ್ಡ್ ಇದೆ’ ಅನ್ನುವುದಿಲ್ಲ. ‘ವಿ ಡೋಂಟ್ ಗೆಟ್ ಅಲಾಂಗ್’ ಅನ್ನುತ್ತಾರೆ. ಜಗಳವಾಡಿ ದೂರವಾಗಿದ್ದರೆ ‘ವಿ ಫೆಲ್ ಔಟ್’. ಮೇಲ್‌ನಲ್ಲಿ ಫ್ರಿಕ್ಷನ್ ಬರೆಯಿರಿ. ಅದೇ ವಿಷಯವನ್ನು ಸಹೋದ್ಯೋಗಿಗೆ ಬಾಯಲ್ಲಿ ಹೇಳುವಾಗ ‘ದ ಟೂ ಟೀಮ್ಸ್ ಆರ್ನ್ಟ್ ಗೆಟಿಂಗ್ ಅಲಾಂಗ್’ ಸಾಕು.