ದೊಡ್ಡ ರೌಟರ್ ಕೊಳ್ಳುವ ಮೊದಲು ಮನೆಯೆಲ್ಲ ಸುತ್ತಿ ಅಳೆಯಿರಿ

ಪ್ರಶ್ನೆ: ನಮ್ಮದು ಶಿರಸಿ ಹತ್ತಿರದ ಹಳೆಯ ತೋಟದ ಮನೆ. ಮಣ್ಣಿನ ದಪ್ಪ ಗೋಡೆ, ಹೆಂಚಿನ ಮಾಡು. ಅಡಿಕೆ ತೋಟದಾಚೆ, ಸುಮಾರು 200 ಮೀಟರ್ ದೂರದಲ್ಲಿ, ಹೋಮ್‌ಸ್ಟೇಗೆ ಎರಡು ಕೋಣೆ ಕಟ್ಟಿಸಿದ್ದೇವೆ. ಜಗಲಿಯ ವೈಫೈ ಮನೆಯ ಒಳಕೋಣೆಗೇ ಸರಿಯಾಗಿ ಬರುವುದಿಲ್ಲ. ಮಗಳು ಅಲ್ಲೇ ಕೂತು ಆಫೀಸ್ ಕೆಲಸ ಮಾಡಬೇಕು. ಅಂಗಡಿಯವರು ಪವರ್ ಜಾಸ್ತಿ ಇರುವ ರೌಟರ್ ಹಾಕಿ ಎನ್ನುತ್ತಾರೆ. ಪರಿಚಯದವರೊಬ್ಬರು ಮೊದಲು ಸೈಟ್ ಸರ್ವೆ ಮಾಡಿ ಎಂದರು. ಅದನ್ನು ನಾವೇ ಮಾಡಬಹುದೇ?

ಉತ್ತರ: ಖಂಡಿತ ಮಾಡಬಹುದು. ಸೈಟ್ ಸರ್ವೆ ಎಂದರೆ ಯಾವ ಜಾಗದಲ್ಲಿ ಸಿಗ್ನಲ್ ಎಷ್ಟು ಸಿಗುತ್ತದೆ ಎಂದು ಅಳೆದು ನೋಡುವುದು, ಅಷ್ಟೇ. ರೌಟರ್ ಮಾತ್ರ ಈಗಲೇ ಕೊಳ್ಳಬೇಡಿ. ವೈಫೈ ಎಂದರೆ ಎರಡೂ ಕಡೆಯ ಮಾತು. ರೌಟರ್ ಗಟ್ಟಿಯಾಗಿ ಕೂಗಿದ್ದು ಫೋನಿಗೆ ಕೇಳಿಸುತ್ತದೆ, ಫೋನ್ ಮೆಲ್ಲಗೆ ಕೊಟ್ಟ ಉತ್ತರ ರೌಟರ್‌ಗೆ ಕೇಳಿಸುವುದಿಲ್ಲ. ಆಗ ಫೋನಿನಲ್ಲಿ ಗೆರೆ ತುಂಬ ಕಾಣುತ್ತದೆ, ನೆಟ್ ಮಾತ್ರ ಓಡುವುದಿಲ್ಲ.

ಮೊದಲು ಟೇಪ್ ಹಿಡಿದು ಮನೆಯ ನಕ್ಷೆ ಬರೆಯಿರಿ. ಯಾವ ಗೋಡೆ ಮಣ್ಣಿನದು, ಯಾವುದು ಚಿರೇಕಲ್ಲಿನದು, ದಪ್ಪ ಎಷ್ಟು, ತಗಡು ಎಲ್ಲಿದೆ ಎಂದು ಗುರುತು ಮಾಡಿ. ಜನ ನಿಜವಾಗಿ ಕೂರುವ ಜಾಗವನ್ನೂ ಹಾಕಿ. ಮಗಳ ಮೇಜು, ಮೆತ್ತಿಯ ಮೂಲೆ, ಅತಿಥಿಗಳ ಮಂಚ ಇವೇ ನಿಮ್ಮ ಅಳತೆಯ ಜಾಗಗಳು.

ಆಮೇಲೆ ಆಂಡ್ರಾಯ್ಡ್ ಫೋನಿನಲ್ಲಿ ವೈಫೈ ಅನಲೈಸರ್ ಥರದ ಒಂದು ಆ್ಯಪ್ ಹಾಕಿಕೊಳ್ಳಿ. ಮನೆಯಲ್ಲಿ ಇರುವುದರಲ್ಲೇ ಸಾಧಾರಣ ಫೋನ್ ತೆಗೆದುಕೊಳ್ಳಿ. ಅದಕ್ಕೆ ಸಿಕ್ಕರೆ ಉಳಿದವಕ್ಕೂ ಸಿಗುತ್ತದೆ. ಸಿಗ್ನಲ್‌ನ ಶಕ್ತಿ ಡಿಬಿಎಂ ಎಂಬ ಅಳತೆಯಲ್ಲಿ ಕಾಣುತ್ತದೆ, ಅಂಕಿ ಮೈನಸ್‌ನಲ್ಲಿರುತ್ತದೆ. ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು. ಮೈನಸ್ 50 ಬಹಳ ಚೆನ್ನ. ವಿಡಿಯೋ ಕಾಲ್‌ಗೆ ಮೈನಸ್ 67 ಆದರೂ ಬೇಕು. ಮೈನಸ್ 80ರಲ್ಲಿ ಮಾತು ಕಡಿಯುತ್ತದೆ. 3 ಅಂಕಿ ಇಳಿದರೆ ಶಕ್ತಿ ಅರ್ಧಕ್ಕೆ ಇಳಿದಂತೆ. ಓಡಾಡುತ್ತಾ ನೋಡಬೇಡಿ. ಈಗಿನ ಆಂಡ್ರಾಯ್ಡ್ ಫೋನ್‌ಗಳಲ್ಲಿ ಆ್ಯಪ್‌ಗೆ 2 ನಿಮಿಷಕ್ಕೆ 4 ಸಲ ಮಾತ್ರ ಸ್ಕ್ಯಾನ್ ಮಾಡಲು ಬಿಡುತ್ತಾರೆ. ಹಾಗಾಗಿ ಪ್ರತಿ ಜಾಗದಲ್ಲೂ ಒಂದು ನಿಮಿಷ ನಿಂತು, ಮೈ ತಿರುಗಿಸಿ ಮತ್ತೊಮ್ಮೆ ನೋಡಿ. ನಮ್ಮ ದೇಹವೂ ಸಿಗ್ನಲ್ ಹೀರುತ್ತದೆ, ಅಲ್ವಾ? ಜೊತೆಗೆ ಅಲ್ಲಿಂದಲೇ ಒಂದು ವಿಡಿಯೋ ಕಾಲ್ ಮಾಡಿ, ನಿಮ್ಮ ಮಾತು ಆ ಕಡೆಗೆ ಸರಿಯಾಗಿ ಕೇಳುತ್ತಿದೆಯೇ ಎಂದು ಕೇಳಿ.

ಈಗ ಮುಖ್ಯ ಕೆಲಸ. ಎಕ್ಸ್‌ಟೆನ್ಶನ್ ಬೋರ್ಡ್ ಎಳೆದು, ಇರುವ ರೌಟರನ್ನೇ ಸ್ಟೂಲಿನ ಮೇಲೆ ನಡುಮನೆಯಲ್ಲಿಟ್ಟು ಪುನಃ ಅಳೆಯಿರಿ. ಆಮೇಲೆ ಮೆತ್ತಿಯಲ್ಲಿಟ್ಟು ನೋಡಿ. ವೃತ್ತಿಯವರೂ ಸ್ಟ್ಯಾಂಡ್ ಮೇಲೆ ಹೀಗೇ ಇಟ್ಟು ನೋಡುತ್ತಾರೆ. ವೈಫೈ ಸಾಮಾನ್ಯವಾಗಿ 2.4 ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ತರಂಗಪಟ್ಟಿಗಳಲ್ಲಿ ಬರುತ್ತದೆ. ದಪ್ಪ ಗೋಡೆಯಲ್ಲಿ 5 ಗಿಗಾಹರ್ಟ್ಸ್ ಬೇಗ ಸೋಲುತ್ತದೆ, 2.4 ಸ್ವಲ್ಪ ತಡೆದುಕೊಳ್ಳುತ್ತದೆ. ಬಹುಶಃ ಜಗಲಿಯಲ್ಲಿ ಒಂದು, ಒಳಗೆ ಒಂದು ಆ್ಯಕ್ಸೆಸ್ ಪಾಯಿಂಟ್ (ಕೇಬಲ್‌ನಲ್ಲಿ ಬಂದ ನೆಟ್ಟನ್ನು ವೈಫೈ ಮಾಡಿ ಹರಡುವ ಪೆಟ್ಟಿಗೆ) ಬೇಕಾಗಬಹುದು. ಅವೆರಡರ ನಡುವೆ ಕೇಬಲ್ ಇರಲಿ. ಪ್ರತಿ ತರಂಗಪಟ್ಟಿಯಲ್ಲೂ ಚಾನೆಲ್ ಎಂಬ ಭಾಗಗಳಿರುತ್ತವೆ. 2.4ರಲ್ಲಿ ಒಂದಕ್ಕೊಂದು ತಾಗದ ಚಾನೆಲ್‌ಗಳು 1, 6, 11. ಎರಡಕ್ಕೂ ಬೇರೆ ಬೇರೆ ಕೊಡಿ. ಕಾರವಾರ ಪೇಟೆಯ ಅಪಾರ್ಟ್‌ಮೆಂಟ್‌ನಲ್ಲಾದರೆ ಅಕ್ಕಪಕ್ಕದವರ ರೌಟರ್‌ಗಳೇ ಈ ಮೂರನ್ನೂ ತುಂಬಿರುತ್ತವೆ, ಅಲ್ಲಿ 5 ಗಿಗಾಹರ್ಟ್ಸ್ ಲೇಸು. ನಿಮ್ಮಲ್ಲಿ ಆ ತೊಂದರೆ ಕಡಿಮೆ.

ನಮ್ಮ ಕಡೆ ಸರ್ವೆ ಬೇಸಿಗೆಯಲ್ಲಿ ಮಾಡಿ, ಜೂನ್‌ನಲ್ಲಿ ಪರದಾಡುವವರು ಬಹಳ. ನೀರು ಸಿಗ್ನಲ್ ಹೀರುತ್ತದೆ. ಮಳೆಗಾಲದಲ್ಲಿ ಗೋಡೆಗೆ ಥಂಡಿ ಹಿಡಿಯುತ್ತದೆ, ಎಲೆಯೆಲ್ಲ ಒದ್ದೆಯಾಗುತ್ತದೆ. ಆದ್ದರಿಂದ ಬೇಸಿಗೆಯ ಅಳತೆಯಲ್ಲಿ ಮೈನಸ್ 60ರ ಆಸುಪಾಸು ಸಿಗುವ ಹಾಗೆ ಜಾಗ ಆರಿಸಿ.

ತೋಟದಾಚೆಯ ಕೋಣೆಗಳ ವಿಷಯದಲ್ಲಿ ನನ್ನ ಅಭಿಪ್ರಾಯ ಖಚಿತ. ಆಚೆ ಈಚೆ ಆಂಟೆನಾ ಹಾಕಿ ಸಿಗ್ನಲ್ ದಾಟಿಸುವುದಾದರೆ ನೇರ ನೋಟ ಬೇಕು. ಅದೂ ಸುಮ್ನೆ ಒಂದು ಗೆರೆಯಷ್ಟು ಸಾಲದು. 5.8 ಗಿಗಾಹರ್ಟ್ಸ್‌ನಲ್ಲಿ 200 ಮೀಟರ್‌ಗೆ ದಾರಿಯ ನಡುವೆ ಸುತ್ತಲೂ ಕನಿಷ್ಠ 1 ಮೀಟರ್ ಖಾಲಿ ಇರಬೇಕು. ಅಡಿಕೆ ಮರ ಬೆಳೆಯುತ್ತಲೇ ಇರುತ್ತದೆ, ಸೋಗೆ ಗಾಳಿಗೆ ಆಡುತ್ತದೆ. ಸಿಗ್ನಲ್‌ಗಾಗಿ ಮರ ಕಡಿಯುವ ಮಾತೇ ಬೇಡ. ತಾಮ್ರದ ನೆಟ್‌ವರ್ಕ್ ಕೇಬಲ್ 100 ಮೀಟರ್‌ವರೆಗೆ ಮಾತ್ರ. ಪೈಪಿನೊಳಗೆ ಫೈಬರ್ (ಬೆಳಕಿನ ಮೂಲಕ ನೆಟ್ ಒಯ್ಯುವ ಗಾಜಿನ ಎಳೆಯ ಕೇಬಲ್) ಹೂತು ಒಯ್ಯಿರಿ. ಒಳಗೆ ಲೋಹದ ತಂತಿ ಇಲ್ಲದ ಫೈಬರ್ ಕೇಳಿ ತನ್ನಿ, ಆಗ ಸಿಡಿಲಿನ ವಿದ್ಯುತ್ ಅದರಲ್ಲಿ ಹರಿದು ಬರುವುದಿಲ್ಲ. ಪೈಪ್ ಕಾಲುವೆಯ ಅಂಚಿಗಿಂತ ದೂರ ಇರಲಿ, ಮಣ್ಣು ತೆಗೆಯುವಾಗ ಗುದ್ದಲಿ ತಾಗಬಾರದು. ಆಚೆ ತುದಿಯಲ್ಲಿ ಒಂದು ಆ್ಯಕ್ಸೆಸ್ ಪಾಯಿಂಟ್ ಸಾಕು.

ಎಲ್ಲ ಹಾಕಿದ ಮೇಲೆ ಅದೇ ನಕ್ಷೆ, ಅದೇ ಫೋನ್ ಹಿಡಿದು ಅದೇ ಜಾಗಗಳಲ್ಲಿ ಇನ್ನೊಮ್ಮೆ ಅಳೆಯಿರಿ. ಜುಲೈನ ಜಡಿಮಳೆಯಲ್ಲೂ ಒಮ್ಮೆ ನೋಡಿ. ಮಗಳ ಮೇಜಿನ ಹತ್ತಿರ ಆಗ ಮೈನಸ್ 67ಕ್ಕಿಂತ ಕೆಳಗೆ ಹೋದರೆ, ಒಳಗಿನ ಆ್ಯಕ್ಸೆಸ್ ಪಾಯಿಂಟನ್ನು ಅದೇ ಕೋಣೆಗೆ ಸರಿಸಿ.