ಮದ್ದುಗುಂಡಿನ ಕಾರ್ಖಾನೆಯ ತಲೆನೋವು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನನ್ನ ತಾಯಿಯ ತಂದೆ ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ ನೀಲಗಿರಿಯ ಅರುವಂಕಾಡು ಕಾರ್ಡೈಟ್ (ಗುಂಡು ಹಾರಿಸಲು ಬಳಸುವ ಸಿಡಿಮದ್ದು) ಕಾರ್ಖಾನೆಯಲ್ಲಿ ದುಡಿದು, ಆಮೇಲೆ ಊರಿಗೆ ಬಂದು ಬೇಸಾಯ ಮಾಡಿಕೊಂಡಿದ್ದರು. ರಜೆ ಮುಗಿಸಿ ಕೆಲಸಕ್ಕೆ ಹೋದ ಮೊದಲ ದಿನ ತಲೆ ಸಿಡಿಯುವಷ್ಟು ನೋಯುತ್ತಿತ್ತು, ಎರಡು ಮೂರು ದಿನಗಳಲ್ಲಿ ತಾನಾಗಿ ಇಳಿಯುತ್ತಿತ್ತು ಎಂದು ಅವರು ಹೇಳುತ್ತಿದ್ದರಂತೆ. ಗೇಟಿನಲ್ಲಿ ಬೀಡಿ, ಬೆಂಕಿಪೊಟ್ಟಣ ತೆಗೆದಿರಿಸಿಕೊಂಡು ಕಿಸೆಯಿಲ್ಲದ ಬಟ್ಟೆ ತೊಡಿಸುತ್ತಿದ್ದರಂತೆ. ಇದಕ್ಕೆಲ್ಲ ಕಾರಣವೇನು? ಅವರ ಕೆಲಸದ ದಾಖಲೆ ಸಿಗಬಹುದೇ?
– ಓದುಗರೊಬ್ಬರು, ಕಾಪು

ಉತ್ತರ: ಆ ತಲೆನೋವಿಗೆ ಕಾರಣ ನೈಟ್ರೋಗ್ಲಿಸರಿನ್ ಎಂಬ ಸ್ಫೋಟಕ ದ್ರವ ಆಗಿರಬೇಕು, ಕಾರ್ಡೈಟ್ ಮತ್ತು ಡೈನಮೈಟ್ ಕಾರ್ಖಾನೆಗಳ ಕಾರ್ಮಿಕರು ಎಲ್ಲ ದೇಶಗಳಲ್ಲೂ ಇದೇ ಲಕ್ಷಣವನ್ನು ಹೇಳಿದ್ದಾರೆ. 1889ರಲ್ಲಿ ಬ್ರಿಟನ್ನಿನಲ್ಲಿ ರೂಪುಗೊಂಡ ಮೊದಲ ಕಾರ್ಡೈಟ್‌ನಲ್ಲಿ ನೂರಕ್ಕೆ 58 ಭಾಗ ನೈಟ್ರೋಗ್ಲಿಸರಿನ್, 37 ಭಾಗ ಗನ್‌ಕಾಟನ್ (ಆಮ್ಲದಲ್ಲಿ ಅದ್ದಿ ಸ್ಫೋಟಕವಾಗಿಸಿದ ಹತ್ತಿ), 5 ಭಾಗ ವ್ಯಾಸಲಿನ್ ಇತ್ತು. ಇವನ್ನು ಅಸಿಟೋನ್ ಸೇರಿಸಿ ಕಣಕದ ಹಾಗೆ ನಾದಿ, ಅಚ್ಚಿನ ತೂತುಗಳಿಂದ ಶಾವಿಗೆಯಂತೆ ಒತ್ತಿ ಒಣಗಿಸುತ್ತಿದ್ದರು. ನೈಟ್ರೋಗ್ಲಿಸರಿನ್ ಚರ್ಮದ ಮೂಲಕವೂ ಉಸಿರಿನ ಮೂಲಕವೂ ದೇಹವನ್ನು ಸೇರಿ ರಕ್ತನಾಳಗಳನ್ನು ಹಿಗ್ಗಿಸುತ್ತದೆ. ತಲೆಯ ನಾಳಗಳು ಹಿಗ್ಗಿದಾಗ ಬಡಿತದಂತಹ ನೋವು ಬರುತ್ತದೆ. ಎರಡು ಮೂರು ದಿನಗಳಲ್ಲಿ ದೇಹ ಅದಕ್ಕೆ ಒಗ್ಗಿಕೊಳ್ಳುತ್ತದೆ, ರಜೆಯಲ್ಲಿ ಆ ಒಗ್ಗಿಕೆ ಕಳೆದುಹೋಗುತ್ತದೆ, ಮರಳಿ ಕೆಲಸಕ್ಕೆ ಹೋದ ದಿನ ನೋವು ಮತ್ತೆ ಮೊದಲಾಗುತ್ತದೆ. ಇದನ್ನು ಅರಿತ ಕೆಲವು ದೇಶಗಳ ಕಾರ್ಮಿಕರು ರಜೆಯ ದಿನವೂ ಟೋಪಿಯ ಪಟ್ಟಿಗೆ ಅದನ್ನು ಸ್ವಲ್ಪ ಸವರಿಕೊಳ್ಳುತ್ತಿದ್ದರು. ಇದೇ ವಸ್ತುವನ್ನು ಎದೆನೋವಿನ ರೋಗಿಗಳಿಗೆ ನಾಲಗೆಯಡಿ ಇಟ್ಟುಕೊಳ್ಳುವ ಗುಳಿಗೆಯಾಗಿ ವೈದ್ಯರು ಇಂದಿಗೂ ಕೊಡುತ್ತಾರೆ. ಆದರೆ ವರ್ಷಗಟ್ಟಲೆ ಅದಕ್ಕೆ ಒಗ್ಗಿದ ಕಾರ್ಮಿಕರಲ್ಲಿ ಕೆಲವರು ರಜೆಯ ಕೊನೆಯಲ್ಲಿ, ಕೆಲಸಕ್ಕೆ ಮರಳುವ ಹೊತ್ತಿಗೆ, ಹಠಾತ್ತಾಗಿ ಹೃದಯದ ತೊಂದರೆಯಿಂದ ಸತ್ತದ್ದು ದಾಖಲಾಗಿದೆ. ಆದ್ದರಿಂದ ಅಜ್ಜನವರ ಮಾತನ್ನು ಬರಿಯ ತಲೆನೋವಿನ ಕಥೆ ಎಂದು ಬದಿಗಿಡಬೇಡಿ.

ನಮ್ಮ ಕರಾವಳಿಯವರಿಗೆ ಇಲ್ಲಿ ಇನ್ನೊಂದು ಸಂಗತಿ ಹೇಳಬೇಕು. ನೈಟ್ರೋಗ್ಲಿಸರಿನ್‌ಗೆ ಬೇಕಾದ ಗ್ಲಿಸರಿನ್, ತೆಂಗಿನೆಣ್ಣೆಯಂತಹ ಎಣ್ಣೆಗಳಿಂದ ಸಾಬೂನು ಮಾಡುವಾಗ ಬೇರ್ಪಡುವ ದ್ರವವಾಗಿದೆ. ಯುದ್ಧಕಾಲದಲ್ಲಿ ಎಣ್ಣೆ ಮತ್ತು ಕೊಬ್ಬು ಅಡುಗೆಮನೆಗೆ ಬೇಕಾದಷ್ಟೇ ಮದ್ದಿನ ಮನೆಗೂ ಬೇಕಾಗಿದ್ದವು.

ಕಿಸೆಯಿಲ್ಲದ ಬಟ್ಟೆಯ ಕಾರಣ ಸರಳವಾದದ್ದು. ಕಿಸೆಯಲ್ಲಿ ಮರೆತ ಒಂದು ಬೆಂಕಿಕಡ್ಡಿ, ಒಂದು ಕಬ್ಬಿಣದ ಮೊಳೆ ಸಾಕು, ಇಡೀ ಕಟ್ಟಡ ಉಳಿಯುವುದಿಲ್ಲ. ಆದುದರಿಂದಲೇ ಸ್ಫೋಟಕಗಳ ಕೆಲಸದಲ್ಲಿ ಮೊಳೆಯಿಲ್ಲದ ಪಾದರಕ್ಷೆ, ಕಿಡಿ ಹಾರದ ಮರದ ಅಥವಾ ತಾಮ್ರದ ಉಪಕರಣ, ಒಂದರಿಂದೊಂದು ದೂರವಿರುವ ಸಣ್ಣ ಸಣ್ಣ ಕಟ್ಟಡಗಳು, ಅವುಗಳ ನಡುವೆ ಮಣ್ಣಿನ ದಿಬ್ಬಗಳು ಕಡ್ಡಾಯವಾದವು. ದಿನವೂ ಮೈ ತಡಕುವುದು ದುಡಿಯುವವನಿಗೆ ಅವಮಾನವೆನಿಸಿದ್ದರೆ ಅದು ಸಹಜ. ಆದರೂ ಪಕ್ಕದಲ್ಲಿ ನಿಂತವನ ಜೀವವೂ ಆ ತಪಾಸಣೆಯ ಮೇಲೆಯೇ ನಿಂತಿತ್ತು.

ದಾಖಲೆಯ ವಿಷಯ. ಅರುವಂಕಾಡು ಕಾರ್ಖಾನೆ 1903ರಲ್ಲಿ ಸ್ಥಾಪನೆಯಾಯಿತು. ಆಗ ನೀಲಗಿರಿಯೂ ನಮ್ಮ ದಕ್ಷಿಣ ಕನ್ನಡವೂ ಮದರಾಸು ಪ್ರಾಂತ್ಯದಲ್ಲೇ ಇದ್ದವು. ಆದರೆ ಕಾರ್ಖಾನೆ ಭಾರತ ಸರಕಾರದ ಸೇನಾ ಆಡಳಿತಕ್ಕೆ ಸೇರಿದ್ದರಿಂದ, ಅದರ ಹಳೆಯ ಕಡತಗಳನ್ನು ಚೆನ್ನೈಗಿಂತ ಮೊದಲು ಹೊಸದಿಲ್ಲಿಯ ರಾಷ್ಟ್ರೀಯ ಪತ್ರಾಗಾರದಲ್ಲಿ ಹುಡುಕುವುದು ಸರಿ. ಒಬ್ಬ ಕಾರ್ಮಿಕನ ಸೇವಾ ವಿವರಕ್ಕೆ ಕಾರ್ಖಾನೆಗೇ ಬರೆಯಬೇಕು. 2021ರ ಅಕ್ಟೋಬರ್ 1ರಿಂದ ಅದು ಮ್ಯುನಿಷನ್ಸ್ ಇಂಡಿಯಾ ಲಿಮಿಟೆಡ್‌ನ ಅಧೀನದಲ್ಲಿದೆ. ಮನೆಯ ಹಳೆಯ ಪೆಟ್ಟಿಗೆಯಲ್ಲಿ ಅವರ ಟಿಕೆಟ್ ನಂಬರ್ (ಕಾರ್ಮಿಕನ ಗುರುತಿನ ಸಂಖ್ಯೆ) ಇರುವ ಯಾವುದಾದರೂ ಚೀಟಿ ಇದೆಯೇ ಎಂದು ಮೊದಲು ನೋಡಿ, ಅದನ್ನು ಪತ್ರದಲ್ಲಿ ನಮೂದಿಸಿ. ತಾಯಿಯವರಿಗೆ ನೆನಪಿರುವುದನ್ನೂ ಈಗಲೇ ಬರೆದಿಡಿ; ತಲೆನೋವಿನಂತಹ ವಿವರಗಳು ಸರಕಾರಿ ಕಡತಗಳಲ್ಲಿ ಸಿಗುವುದು ಅಪರೂಪ.

ಪ್ರಶ್ನೆ: ಯುದ್ಧದ ಅವಸರದಲ್ಲಿ ಇಂತಹ ನಿಯಮಗಳು ಪಾಲನೆಯಾಗುತ್ತಿದ್ದವೇ? ಇಂಗ್ಲೆಂಡಿನಲ್ಲಿ ಶೆಲ್‌ಗಳಿಗೆ (ಫಿರಂಗಿ ಗುಂಡುಗಳಿಗೆ) ಸ್ಫೋಟಕ ತುಂಬುವ ಹೆಂಗಸರ ಮೈ ಹಳದಿಯಾಗುತ್ತಿತ್ತು ಎಂಬುದು ನಿಜವೇ?
– ಓದುಗರೊಬ್ಬರು, ಬಿಜೈ, ಮಂಗಳೂರು

ಉತ್ತರ: ನಿಜ. ಅದು ಮೊದಲನೆಯ ಮಹಾಯುದ್ಧದ ಮಾತು. 1915ರಲ್ಲಿ ಶೆಲ್‌ಗಳ ಕೊರತೆಯಿಂದ ಬ್ರಿಟನ್ನಿನಲ್ಲಿ ರಾಜಕೀಯ ಬಿಕ್ಕಟ್ಟೇ ಉಂಟಾಗಿ, ಲಾಯ್ಡ್ ಜಾರ್ಜ್ ಅವರ ಕೈಕೆಳಗೆ ಮದ್ದುಗುಂಡುಗಳಿಗಾಗಿಯೇ ಒಂದು ಸಚಿವಾಲಯ ಹುಟ್ಟಿತು. ಹೆಂಗಸರು ದೊಡ್ಡ ಸಂಖ್ಯೆಯಲ್ಲಿ ಈ ಕೆಲಸಕ್ಕೆ ಬಂದರು. ಬೆಂಕಿಯ ನಿಯಮಗಳು ಕಟ್ಟುನಿಟ್ಟಾಗಿಯೇ ಇದ್ದವು, ಆದರೂ 1916ರ ಡಿಸೆಂಬರ್ 5ರಂದು ಲೀಡ್ಸ್ ಬಳಿಯ ಬಾರ್ನ್‌ಬೋದಲ್ಲಿ 35 ಹೆಂಗಸರು, 1918ರ ಜುಲೈ 1ರಂದು ಚಿಲ್ವೆಲ್‌ನಲ್ಲಿ 134 ಮಂದಿ ಸ್ಫೋಟಕ್ಕೆ ಬಲಿಯಾದರು. ಬಾರ್ನ್‌ಬೋದ ಸುದ್ದಿಯನ್ನು ಯುದ್ಧ ಮುಗಿಯುವವರೆಗೂ ಜನರಿಂದ ಮುಚ್ಚಿಡಲಾಯಿತು.

ನನಗೆ ಇದಕ್ಕಿಂತಲೂ ದೊಡ್ಡ ಅನ್ಯಾಯವೆಂದು ತೋರುವುದು ಸದ್ದಿಲ್ಲದೆ ನಡೆದ ಹಾನಿ. ಶೆಲ್‌ಗಳಿಗೆ ತುಂಬುವ ಟಿಎನ್‌ಟಿ ಎಂಬ ಸ್ಫೋಟಕದ ಪುಡಿ ಚರ್ಮವನ್ನೂ ಕೂದಲನ್ನೂ ಹಳದಿ ಮಾಡುತ್ತಿತ್ತು. ಕೆಲಸ ಬಿಟ್ಟರೆ ಆ ಬಣ್ಣ ಕ್ರಮೇಣ ಹೋಗುತ್ತಿತ್ತು. ಆದರೆ ಅದೇ ಪುಡಿ ಕೆಲವರ ಪಿತ್ತಜನಕಾಂಗವನ್ನು ಹಾಳುಮಾಡಿ ಕಾಮಾಲೆ ತರುತ್ತಿತ್ತು, ಮತ್ತು ಆ ಕಾಮಾಲೆಯಿಂದ ಯುದ್ಧಕಾಲದಲ್ಲಿ ನೂರಕ್ಕೂ ಹೆಚ್ಚು ಕಾರ್ಮಿಕರು ಸತ್ತರು. ಬಾಗಿಲಲ್ಲಿ ಬೆಂಕಿಕಡ್ಡಿಗಾಗಿ ಅಷ್ಟು ಎಚ್ಚರದಿಂದ ಹುಡುಕಿದ ಆಡಳಿತ, ಗಾಳಿಯಲ್ಲಿದ್ದ ಪುಡಿಯ ವಿಷಯದಲ್ಲಿ ತಡವಾಗಿ ಎಚ್ಚೆತ್ತಿತು. ಈ ಕಾಮಾಲೆಯನ್ನು ವೈದ್ಯರು ಸರಕಾರಕ್ಕೆ ಕಡ್ಡಾಯವಾಗಿ ವರದಿ ಮಾಡಬೇಕೆಂಬ ನಿಯಮ 1916ರಲ್ಲಿ ಬಂತು. ಗಾಳಿಯಾಡುವ ವ್ಯವಸ್ಥೆ, ನಿಯಮಿತ ವೈದ್ಯಕೀಯ ತಪಾಸಣೆ, ಟಿಎನ್‌ಟಿ ಕೆಲಸದಿಂದ ಸರದಿಯ ಮೇಲೆ ಬೇರೆ ಕೆಲಸಕ್ಕೆ ಬದಲಾಯಿಸುವ ಕ್ರಮಗಳು ಬಿಗಿಯಾದ ಮೇಲೆ ಸಾವುಗಳು ಇಳಿದವು.