ಎರಡು ನಿಮಿಷಕ್ಕೇ ಏದುಸಿರು ಬಂದರೆ ಓಡುವುದು ಹೇಗೆ?

ನಿಮ್ಮ ಪ್ರಶ್ನೆ ಓದಿ ನಗು ಬಂತು, ಬೇಜಾರು ಮಾಡ್ಕೋಬೇಡಿ. ವಯಸ್ಸು ನಲವತ್ತರ ಹತ್ತಿರ, ಓಟ ಅಂದರೆ ಶಾಲೆಯಿಂದಲೂ ಆಗದು, ಮನೆಯವರ ಕಾಟಕ್ಕೆ ಶೂ ತಗೊಂಡಿದ್ದೀರಿ, ಎರಡು ನಿಮಿಷ ಓಡಿದರೆ ಏದುಸಿರು. "ನನ್ನಂಥವರಿಂದ ಆಗುತ್ತಾ?" ಅಂತ ಕೇಳಿದ್ದೀರಿ. ಮೂರು ವರ್ಷದ ಹಿಂದೆ ನನ್ನದೂ ಇದೇ ಪಾಡು. ಆಗುತ್ತೆ. ಆದರೆ ನೀವು ಸಿಕ್ಕಾಪಟ್ಟೆ ಜೋರಾಗಿ ಓಡುತ್ತಿದ್ದೀರಿ.

"ನಾನಾ? ಜೋರಾಗಿಯಾ?" ಅಂತೀರಿ. ನಾನೂ ಹಾಗೇ ಅಂದಿದ್ದೆ.

ನಮ್ಮದು ಚಿಕ್ಕಮಗಳೂರು. ಕಾಫಿ ಕ್ಯೂರಿಂಗ್ ವರ್ಕ್ಸ್ ಒಂದರಲ್ಲಿ ಲೆಕ್ಕ ಬರೆಯುವ ಕೆಲಸ, ದಿನವಿಡೀ ಕುರ್ಚಿ. ಶುರುಮಾಡಿದ್ದು ಸುಭಾಷ್ ಚಂದ್ರ ಬೋಸ್ ಆಟದ ಮೈದಾನದಲ್ಲಿ. ಬೆಳಿಗ್ಗೆ ಅಲ್ಲಿ ಅರ್ಧ ಊರೇ ನಡೆಯುತ್ತಿರುತ್ತೆ. ಪರಿಚಯದವರು ಎದುರಾದ ಕೂಡಲೇ ನನ್ನ ಕಾಲು ತಾನಾಗಿಯೇ ಜೋರಾಗುತ್ತಿತ್ತು. ಅವರು ದಾಟಿದ ಮೇಲೆ ಸೊಂಟಕ್ಕೆ ಕೈ ಕೊಟ್ಟು ನಿಲ್ಲುವುದು. ತಪ್ಪನ್ನು ಊರಿನ ಮೇಲೆ ಹಾಕಿದೆ. ಸಾವಿರ ಮೀಟರ್‌ಗಿಂತ ಎತ್ತರದ ಊರು, ಗಾಳಿ ತೆಳುವಾಗಿರುತ್ತೆ, ಅದಕ್ಕೇ ಉಸಿರು ಸಾಲುತ್ತಿಲ್ಲ ಅಂತ ಮನೆಯಲ್ಲಿ ಭಾಷಣ. ನಿಜ ಹೇಳಬೇಕೆಂದರೆ ಅಷ್ಟು ಎತ್ತರ ನಮ್ಮಂಥವರಿಗೆ ಲೆಕ್ಕಕ್ಕೇ ಇಲ್ಲ. ನಾನೇನು ಮುಳ್ಳಯ್ಯನಗಿರಿ ತುದಿಯಲ್ಲಿ ಓಡುತ್ತಿದ್ದೆನೇ? ಅದು 1,930 ಮೀಟರ್. ನನಗೆ ಉಸಿರು ಕಟ್ಟುತ್ತಿದ್ದದ್ದು ಮರ್ಯಾದೆಯಿಂದ.

ನಾಚಿಕೆಗೆ ಜಾಗ ಬದಲಿಸಿದೆ. ಮಳೆಗಾಲದಲ್ಲಿ ನಮ್ಮ ವರ್ಕ್ಸ್‌ನ ಕಣ ಖಾಲಿ ಬಿದ್ದಿರುತ್ತೆ. ಕಾಫಿ ಒಣಗಿಸುವ ವಿಶಾಲ ಸಿಮೆಂಟ್ ಅಂಗಳ, ನೋಡುವವರು ಯಾರೂ ಇಲ್ಲ. ಎರಡು ವಾರ ಚೆನ್ನಾಗಿತ್ತು. ಜುಲೈ ಹೊತ್ತಿಗೆ ಕಣದ ಮೇಲೆ ಪಾಚಿ. ಸಿಮೆಂಟಿನ ಬಣ್ಣ ಒಂಚೂರು ಕಪ್ಪಾದಂತೆ ಕಾಣುತ್ತೆ, ಅಷ್ಟೇ. ಮೂಲೆಯಲ್ಲಿ ತಿರುಗುವಾಗ ಎರಡೂ ಕಾಲು ಒಟ್ಟಿಗೆ ಹೋದವು. ಮೊಣಕೈ ಸಿಪ್ಪೆ ಸುಲಿದಂತೆ ಸುಲಿಯಿತು. ವಾಚ್‌ಮನ್ ಓಡಿಬಂದು ಎತ್ತಿದ. ಅವನು ನನಗಿಂತ ಚೆನ್ನಾಗಿ ಓಡಿದ ಮಾರಾಯ್ರೆ.

ಮತ್ತೆ ಮೈದಾನಕ್ಕೇ ಬಂದೆ. ಈ ಸಲ ಒಂದು ಕ್ರಮ ಹಿಡಿದೆ. 'ಕೌಚ್ ಟು 5ಕೆ' ಅಂತ ಇದೆ, ಸೋಫಾ ಬಿಟ್ಟೇಳದವರನ್ನು ಐದು ಕಿಲೋಮೀಟರ್ ಓಡುವ ಮಟ್ಟಕ್ಕೆ ತರುವುದು. ಜಾಶ್ ಕ್ಲಾರ್ಕ್ ಎಂಬವರು 1996ರಲ್ಲಿ ಮಾಡಿದ್ದು. ವಾರಕ್ಕೆ ಮೂರೇ ದಿನ, ಒಟ್ಟು ಒಂಬತ್ತು ವಾರ. ಮೊದಲ ವಾರ ಐದು ನಿಮಿಷ ಬಿರುಸು ನಡಿಗೆ, ಆಮೇಲೆ 60 ಸೆಕೆಂಡ್ ಓಟ, 90 ಸೆಕೆಂಡ್ ನಡಿಗೆ, ಹೀಗೆ 20 ನಿಮಿಷ. ಒಟ್ಟು ಓಟ ಎಂಟೇ ನಿಮಿಷ! ಒಂಬತ್ತು ವಾರದ್ದನ್ನು ಮುಗಿಸೋಕೆ ನನಗೆ ಐದು ತಿಂಗಳು ಬೇಕಾಯಿತು. ಕಷ್ಟವಾದ ವಾರವನ್ನು ಎರಡೆರಡು ಸಲ ಮಾಡಿದೆ. ಯಾರೂ ಕೇಳಲ್ಲ.

ವೇಗಕ್ಕೆ ಒಂದೇ ಪರೀಕ್ಷೆ. ಓಡುತ್ತಾ ಒಂದು ಪೂರ್ತಿ ವಾಕ್ಯ ಹೇಳೋಕೆ ಆಗಬೇಕು. ನಾನು ಮೂರರ ಮಗ್ಗಿ ಹೇಳುತ್ತಿದ್ದೆ. ಮಧ್ಯೆ ಉಸಿರಿಗೆ ತಡವರಿಸಿದರೆ ನಿಧಾನ ಮಾಡುವುದು. ಎಷ್ಟು ನಿಧಾನ ಅಂತೀರಾ? ಸ್ವೆಟರ್ ಹಾಕಿ ತಲೆಗೆ ಮಫ್ಲರ್ ಸುತ್ತಿಕೊಂಡ ಒಬ್ಬ ಅಜ್ಜಿ ನಡೆಯುತ್ತಲೇ ನನ್ನನ್ನು ದಾಟಿದರು. ತಿರುಗಿ ನೋಡಿ, "ಕಾಲು ಉಳುಕಿದ್ಯೇನಪ್ಪಾ?" ಅಂದರು. ಇಲ್ಲಜ್ಜಿ, ಓಡ್ತಿದೀನಿ ಅಂದೆ. "ಓ, ಹೌದಾ" ಅಂತ ಮುಂದೆ ಹೋದರು. ಅವತ್ತೇ ಮೊದಲ ಸಲ ನಿಲ್ಲದೆ ಹತ್ತು ನಿಮಿಷ ಓಡಿದ್ದು.

ಇನ್ನು ಸಣ್ಣಪುಟ್ಟದ್ದು. ಶುಗರ್, ಬಿಪಿ ಇದ್ದರೆ ಮೊದಲು ಡಾಕ್ಟರ್ ಹತ್ತಿರ ಹೋಗಿ ಬನ್ನಿ. ಎದೆ ನೋವು ಬಂದರೆ ಅಲ್ಲೇ ನಿಲ್ಲಿಸಿ, ಸುಮ್ನೆ ಹುಡುಗಾಟ ಬೇಡ. ಉಸಿರು ಕೆಲವೇ ವಾರಗಳಲ್ಲಿ ಪಳಗುತ್ತೆ, ಮೂಳೆ ಕೀಲುಗಳಿಗೆ ತಿಂಗಳುಗಳು ಬೇಕು. ಹಾಗಾಗಿ ಹುರುಪು ಬಂತು ಅಂತ ದಿನಾ ಓಡಬೇಡಿ. ನಮ್ಮೂರ ರತ್ನಗಿರಿ ಬೋರೆಯಂಥ ಗುಡ್ಡದ ಕಡೆಗೆ ಈಗಲೇ ಹೋಗಬೇಡಿ. ಏರು ಉಸಿರು ಹಿಡಿಸುತ್ತೆ, ಇಳಿಜಾರು ತೊಡೆ ಹಿಡಿಸುತ್ತೆ. ಶೂ ಒದ್ದೆಯಾದರೆ ಒಳಗೆ ಹಳೇ ಪೇಪರ್ ತುರುಕಿ, ರಾತ್ರಿ ಒಮ್ಮೆ ಬದಲಿಸಿ. ನಮ್ಮೂರ ಮಳೆಯಲ್ಲಿ ಬಿಸಿಲಿಗೆ ಕಾದರೆ ದೀಪಾವಳಿ ಬರುತ್ತೆ.

ತೂಕ ಇಳಿಯುತ್ತೆ ಅಂತ ಓಡುವುದಾದರೆ ಲೆಕ್ಕದವನ ಮಾತು ಕೇಳಿ. ಒಂದು ಕಿಲೋಮೀಟರ್ ಓಡಿದರೆ ಮೈತೂಕದ ಕಿಲೋಗೆ ಸುಮಾರು ಒಂದು ಕ್ಯಾಲೊರಿ ಖರ್ಚು. 80 ಕಿಲೋ ಇರುವವರು ಮೂರು ಕಿಲೋಮೀಟರ್ ಓಡಿದರೆ 240. ಮನೆಗೆ ಬಂದು ಎರಡು ಅಕ್ಕಿ ರೊಟ್ಟಿ ಜಾಸ್ತಿ ತಿಂದಿರೋ, ಲೆಕ್ಕ ಚುಕ್ತಾ. ಮೂರು ವರ್ಷದಲ್ಲಿ ನನ್ನ ತೂಕ ಇಳಿದದ್ದು ಎರಡೇ ಕಿಲೋ. ಆದರೆ ಆಫೀಸಿನ ಮಹಡಿ ಹತ್ತಿ ಫೈಲ್ ತಂದ ಮೇಲೆ ಈಗ ಕೂಡಲೇ ಮಾತಾಡಬಲ್ಲೆ.

ಇಷ್ಟವಾಯ್ತಾ ಅಂತ ಕೇಳಿದರೆ, ಇನ್ನೂ ಇಲ್ಲ. ಅಲಾರಂ ಹೊಡೆದಾಗ ಈಗಲೂ ಮೊದಲು ಹಂಚಿನ ಮೇಲೆ ಮಳೆ ಸದ್ದು ಇದೆಯಾ ಅಂತ ಕಿವಿಗೊಡುತ್ತೇನೆ. ಇದ್ದರೆ ಕಂಬಳಿ ಮೇಲಕ್ಕೆಳೆದುಕೊಳ್ಳುತ್ತೇನೆ.